ಕೋರ್ಸಿನವರು ಮನೆಗೆ ಬಂದರು

"ಇವತ್ತ ಹೇಳಾಕತ್ತೀನಿ, ಎಲ್ಲಾರೂ ಕಿವಿಗೊಟ್ಟು ಕೇಳ್ರಿ! ಈ ಸಲ ಹಂಪಯ್ಯ ಹಿಡಿದ ಕೋರ್ಸ್ ಮುಗಿಸದ ಎದ್ದರ, ನನ್ನ ಹೆಸರು ಬದಲಿ ಮಾಡ್ರಿ!"

ಭಾನುವಾರ ಬೆಳಿಗ್ಗೆ, ಮಂಡಾಳ ಒಗ್ಗರಣೆಯ ತಟ್ಟೆಯನ್ನು ಒಂದು ಕೈಯಲ್ಲಿ, ಮಿರ್ಚಿ ಭಜಿಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು ಹಂಪಯ್ಯನವರು ಈ ಘೋರ ಪ್ರತಿಜ್ಞೆಯನ್ನು ಕೈಗೊಂಡರು. ಮೆಹದಿಪಟ್ಟಣಂನ ಆ ಫ್ಲ್ಯಾಟಿನ ಗೋಡೆಗಳು ಇಂಥ ಪ್ರತಿಜ್ಞೆಗಳನ್ನು ಕೇಳಿ ಕೇಳಿ ಪಳಗಿದ್ದವು. ಹೆಂಡತಿ ಭವಾನಿ ಅಡುಗೆಮನೆಯಿಂದ ತಲೆಯನ್ನೂ ಹೊರಗೆ ಹಾಕಲಿಲ್ಲ.

"ಹೊಸಾ ಹೆಸರು ಏನಂತ ಇಡೂಣ್ರಿ? ಈಗ ಹೇಳಿಬಿಡ್ರಿ, ಆಮ್ಯಾಲ ಗಡಿಬಿಡಿ ಬ್ಯಾಡ!"

ಹಂಪಯ್ಯನವರು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ತಂದೆಯ ಕಾಲಕ್ಕೇ ರಾಯಚೂರಿನ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆನಿಂತ ಮನೆತನ. ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಅಪ್ಪಟ ರಾಯಚೂರು. ಈ ಸಜ್ಜನರಿಗೆ ಕೆಲವು ವರ್ಷಗಳಿಂದ ಒಂದೇ ಒಂದು ಚಟ: ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುವ ಕೋರ್ಸುಗಳಿಗೆ ಸೇರುವುದು! ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು, ದೊಡ್ಡ ದೊಡ್ಡ ಪ್ರೊಫೆಸರುಗಳು, ಲಕ್ಷಾಂತರ ಸಹಪಾಠಿಗಳು, ಫೀಸು ಮಾತ್ರ ಸೊನ್ನೆ. ಸೇರುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಬಿಡುವುದಕ್ಕೆ ಅದನ್ನೂ ಒತ್ತಬೇಕಾಗಿಲ್ಲ!

ಹೀಗೆ ಅವರು ಜೇನುಸಾಕಣೆಗೆ ಸೇರಿ ಹುಳು ಕಚ್ಚುವ ಪಾಠ ಬರುತ್ತಲೇ ಬಿಟ್ಟಿದ್ದರು. ಗಿಟಾರ್ ಕೋರ್ಸಿಗೆ ಸೇರಿದಾಗ ಗಿಟಾರ್ ಕೊಳ್ಳಬೇಕು ಎಂಬ ವಿಷಯ ತಡವಾಗಿ ತಿಳಿಯಿತು. ಫ್ರೆಂಚ್ ಭಾಷೆಯಲ್ಲಿ 'ನಮಸ್ಕಾರ, ಹೇಗಿದ್ದೀರಿ?' ಎಂದು ಕೇಳುವಷ್ಟು ಕಲಿತರು. ಅವರು ಹೇಗಿದ್ದಾರೆ ಎಂಬ ಉತ್ತರ ಬರುವ ಮೊದಲೇ ಫ್ರಾನ್ಸನ್ನು ಕೈಬಿಟ್ಟರು.

ಆದರೆ ಈ ಭಾನುವಾರದ ಪ್ರತಿಜ್ಞೆ ಹುಡುಗಾಟದ್ದಲ್ಲ. ಮಗಳು ಸಿಂಚನಾ ಸಿ.ಎ. ಮಾಡುತ್ತೇನೆಂದು ಹೊರಟವಳು, ಮೊದಲ ಮೆಟ್ಟಿಲ ಪರೀಕ್ಷೆಯಲ್ಲೇ ಸ್ಟ್ಯಾಟಿಸ್ಟಿಕ್ಸ್ ಕೈಕೊಟ್ಟು ನಪಾಸಾಗಿದ್ದಳು. ಆವತ್ತಿನಿಂದ ಅವಳ ಪುಸ್ತಕಗಳು ದಿವಾನದ ಕೆಳಗೆ ಸೇರಿ, ಅವಳು ದಿವಾನದ ಮೇಲೆ ಮೊಬೈಲು ಹಿಡಿದು ಮಲಗಿದ್ದಳು.

"ಅಪ್ಪಾ, ನಾ ಸಿ.ಎ. ಬಿಡ್ತೀನಿ. ಆ ಸ್ಟ್ಯಾಟಿಸ್ಟಿಕ್ಸ್ ನನ್ನ ತಲಿಗಿ ಹತ್ತಂಗಿಲ್ಲ."

"ಹಂಗ ನಡುವ ಕೈ ಬಿಡಬಾರದವ್ವಾ! ಹಿಡಿದ ಕೆಲಸ…"

"ಯಾರು, ನೀವು ಹೇಳಾಕತ್ತೀರೇನು ಈ ಮಾತು?" ಎಂದು ಸಿಂಚನಾ ಎದ್ದು ಕುಳಿತಳು. "ಆತು. ನೀವು ಬರೇ ಒಂದು ಕೋರ್ಸ್ ಪೂರಾ ಮುಗಿಸಿ ಪಾಸಾಗಿ ತೋರಸ್ರಿ. ಅದೂ ಸ್ಟ್ಯಾಟಿಸ್ಟಿಕ್ಸ್! ನೀವು ಮುಗಿಸಿದ್ರ ನಾ ಪರೀಕ್ಷಾ ಫಾರ್ಮ್ ತುಂಬತೀನಿ. ಮುಗಿಸದಿದ್ರ ನಾ ಬಿಡ್ತೀನಿ, ನೀವು ಮತ್ತ ತುಟಿ ಬಿಚ್ಚಬಾರದು. ಒಪ್ಪಿಗಿ ಏನು?"

ಹಂಪಯ್ಯನವರ ಎದೆಗೇ ಬಂದು ನಾಟಿತು ಆ ಮಾತು. ಮಗಳು ಜಾಣೆ ಎಂಬುದು ಅವರಿಗೆ ಗೊತ್ತು. ಅರ್ಧಕ್ಕೆ ಬಿಡುವ ವಿದ್ಯೆಯನ್ನು ಅವಳು ಕಲಿತದ್ದು ಯಾವ ಗುರುವಿನಿಂದ ಎಂಬುದೂ ಗೊತ್ತು. ಆದ್ದರಿಂದಲೇ ಮಿರ್ಚಿ ಭಜಿ ಮೇಲಕ್ಕೆ ಹೋಯಿತು, ಪ್ರತಿಜ್ಞೆ ಹೊರಬಿತ್ತು.

ಸ್ಟ್ಯಾಟಿಸ್ಟಿಕ್ಸ್ ಕೋರ್ಸಿನ ಮೊದಲ ಪಾಠದ ದಿನ ಬಂತು. ಹಂಪಯ್ಯನವರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲ್ಯಾಪ್‌ಟಾಪಿಗೆ ಊದಿನಕಡ್ಡಿ ಬೆಳಗಿ ಕುಳಿತರು. ಯಾವುದೋ ದೂರದೇಶದ ಬಿಳಿಗಡ್ಡದ ಪ್ರೊಫೆಸರು ತೆರೆಯ ಮೇಲೆ ಮೂಡಿ "ಎಲ್ಲರಿಗೂ ಸ್ವಾಗತ" ಎಂದು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಹಂಪಯ್ಯನವರು ಕುರ್ಚಿಯಿಂದ ಅರ್ಧ ಎದ್ದು ಕೈಮುಗಿದರು. ಪ್ರೊಫೆಸರು ಮೊದಲ ಕೆಲಸ ಕೊಟ್ಟರು: ಚರ್ಚಾ ವೇದಿಕೆಗೆ ಹೋಗಿ ನಿಮ್ಮ ಪರಿಚಯ ಬರೆಯಿರಿ.

ಇಲ್ಲಿಂದ ಶುರುವಾಯಿತು ನೋಡಿ ರಾಮಾಯಣ!

ಬೇರೆಯವರು 'ನಾನು ಮಾರಿಯಾ, ಬ್ರೆಜಿಲ್' ಎಂದು ಒಂದು ಸಾಲು ಗೀಚಿ ಮುಂದಿನ ಪಾಠಕ್ಕೆ ಹೋಗಿದ್ದರು. ಹಂಪಯ್ಯನವರದು ಅಂಥ ಬರಿಗೈ ಪರಿಚಯವೇ? ಮೂಲ ಊರು, ತಂದೆಯ ಇಲಾಖೆ, ತಾಯಿಯ ತವರು, ಹೆಂಡತಿಯ ತವರು, ಹಾಲಿ ವಿಳಾಸ ಎಲ್ಲವನ್ನೂ ಬರೆದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎಡಕ್ಕೆ ತಿರುಗಿದರೆ ಔಷಧದ ಅಂಗಡಿ, ಅದರ ಪಕ್ಕದ ಗಲ್ಲಿಯಲ್ಲಿ ಹಸಿರು ಗೇಟು ಎಂಬ ಗುರುತನ್ನೂ ಕೊಟ್ಟರು. ಕೊನೆಗೆ, 'ಹೈದರಾಬಾದಿಗೆ ಬಂದವರು ನಮ್ಮ ಮನೆಗೆ ಬಂದು ಊಟ ಮಾಡಿಯೇ ಹೋಗತಕ್ಕದ್ದು' ಎಂದು ಸರ್ಕಾರಿ ಸುತ್ತೋಲೆಯ ಧಾಟಿಯಲ್ಲಿ ಮುಗಿಸಿದರು.

ಉತ್ತರಗಳು ಬರತೊಡಗಿದವು. ನೈರೋಬಿಯಿಂದ ನಮಸ್ಕಾರ! ಮನಿಲಾದಿಂದ ನಮಸ್ಕಾರ! ಪೆರುವಿನಿಂದ, ಪೋಲೆಂಡಿನಿಂದ, ಪಾಟ್ನಾದಿಂದ! ಹಂಪಯ್ಯನವರು ರೋಮಾಂಚನಗೊಂಡು ತಾಯಿ ಸೂಗಮ್ಮನನ್ನು ಕರೆದರು.

"ಅವ್ವಾ, ನೋಡಿಲ್ಲಿ! ಜಗತ್ತಿನ ಮಂದಿ ಎಲ್ಲಾ ನಮಗ ನಮಸ್ಕಾರ ಹೇಳಾಕತ್ತಾರ!"

ಸೂಗಮ್ಮ ಕನ್ನಡಕ ಸರಿಮಾಡಿಕೊಂಡು ತೆರೆಯನ್ನು ದಿಟ್ಟಿಸಿದರು. "ಮತ್ತ ನೀ ತಿರುಗಿ ಹೇಳಿದಿ ಇಲ್ಲೋ?"

"ಇಷ್ಟು ಮಂದಿಗೆ ಹೆಂಗ ಹೇಳಾಕ ಆಗತೈತಿ ಬೇ?"

"ಹಂಪಣ್ಣಾ!" ಸೂಗಮ್ಮನ ದನಿ ಏರಿತು. "ಕೈಮುಗಿದವರಿಗೆ ಕೈಮುಗಿಯದ ಹೋಗೂದು ನಮ್ಮ ಮನ್ಯಾಗ ಯಾವಾಗ ಶುರುವಾತು? ನಿಮ್ಮಪ್ಪ ಬೇಗಂ ಬಜಾರಕ್ಕ ಬ್ಯಾಳಿ ತರಾಕ ಹೋದರ, ಮಂದಿಗೆಲ್ಲಾ ನಮಸ್ಕಾರ ಹೇಳ್ಕೋತ ಮಧ್ಯಾಹ್ನ ಬರ್ತಿದ್ದರು. ಹೇಳು! ಒಬ್ಬೊಬ್ಬರಿಗೂ ಹೇಳು!"

ಮಾತೃವಾಕ್ಯ! ಹಂಪಯ್ಯನವರು ಅಂಗಿಯ ತೋಳು ಮಡಚಿದರು. 'ಉಲ್ಲೇಖ: ತಮ್ಮ ಇಂದಿನ ನಮಸ್ಕಾರ. ಸದರಿ ನಮಸ್ಕಾರವು ತಲುಪಿದ್ದು, ತಮಗೂ ಮನೆಮಂದಿಗೂ ನಮ್ಮ ನಮಸ್ಕಾರಗಳು' ಎಂದು ತಮ್ಮ ಕಚೇರಿ ಇಂಗ್ಲಿಷಿನಲ್ಲಿ ಒಬ್ಬೊಬ್ಬರಿಗೂ ಬರೆಯಲು ಕುಳಿತರು. ಇವರು ಒಬ್ಬರಿಗೆ ಉತ್ತರ ಬರೆಯುವಷ್ಟರಲ್ಲಿ ಮತ್ತಷ್ಟು ಜನ ಕೋರ್ಸಿಗೆ ಸೇರಿ ನಮಸ್ಕಾರ ಹೇಳುತ್ತಿದ್ದರು. ಉತ್ತರ ಪಡೆದವರು ಸಂತೋಷಪಟ್ಟು ಮರು ನಮಸ್ಕಾರ ಹೇಳುತ್ತಿದ್ದರು. ಅದಕ್ಕೆ ಇವರು ಮರು ಮರು ನಮಸ್ಕಾರ!

ಪಾಠ ತಪ್ಪಬಾರದೆಂದು ಒಂದು ಉಪಾಯ ಮಾಡಿದರು. ವಿಡಿಯೋ ಜೋರಾಗಿ ಹಚ್ಚಿಟ್ಟು, ಅದು ನಡೆಯುತ್ತಿರುವಾಗಲೇ ಪಕ್ಕದಲ್ಲಿ ನಮಸ್ಕಾರ ಟೈಪು ಮಾಡುವುದು. ಕಚೇರಿಯಿಂದ ಬಂದ ಕೂಡಲೇ ದಿನವೂ ಇದೇ ಕೆಲಸ. ಪ್ರೊಫೆಸರು ಹಾಲ್ ತುಂಬ ಗುಡುಗುತ್ತಿದ್ದರು, ಹಂಪಯ್ಯನವರು ಪೆರುವಿನ ಹೆಣ್ಣುಮಗಳ ತಾಯಿಗೆ ಮೊಣಕಾಲು ನೋವಂತೆ ಎಂದು ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುವ ಕ್ರಮವನ್ನು ವಿವರಿಸುತ್ತಿದ್ದರು.

"ಏನ್ರೀ, ಇದು ಸ್ಟ್ಯಾಟಿಸ್ಟಿಕ್ಸ್ ಕ್ಲಾಸೋ, ದವಾಖಾನಿಯೋ?" ಎಂದು ಭವಾನಿ ಕೇಳಿದರು. "ನನ್ನ ಮೊಣಕಾಲು ಎರಡು ವರ್ಷದಿಂದ ನೋಯಾಕತ್ತೈತಿ. ನನಗ ಒಂದ ದಿನ ಎಣ್ಣಿ ಕಾಸಿ ಕೊಟ್ಟೀರೇನು?"

"ನೀನೂ ವೇದಿಕಿಗೆ ಬಂದು ಬರಿ, ಹೇಳ್ತೀನಿ!"

ಆ ರಾತ್ರಿ ಅವರೇ ಅನ್ನ ಬಡಿಸಿಕೊಂಡು ಉಣ್ಣಬೇಕಾಯಿತು.

ಕೋರ್ಸಿನವರ ಕಡೆಯಿಂದ ಒಂದು ಇ-ಮೇಲ್ ಬಂತು. 'ನೀವು ಹಿಂದೆ ಬಿದ್ದಿದ್ದೀರಿ. ನಿಮಗಾಗಿ ಪಾಠಗಳು ಕಾಯುತ್ತಿವೆ. ಇದು ಯಂತ್ರ ಕಳಿಸಿದ ಸಂದೇಶ, ದಯವಿಟ್ಟು ಉತ್ತರಿಸಬೇಡಿ.' ಹಂಪಯ್ಯನವರು ತಕ್ಷಣ ಉತ್ತರ ಬರೆಯಲು ಕುಳಿತರು.

"ಅಪ್ಪಾ, ಉತ್ತರ ಬರೀಬ್ಯಾಡ್ರಿ ಅಂತ ಅವರ ಹೇಳ್ಯಾರಲ್ಲ!" ಎಂದಳು ಸಿಂಚನಾ.

"ಸಂಕೋಚಕ್ಕ ಹಂಗಂತಾರವ್ವಾ. ಮನಿಗೆ ಬಂದವರು 'ಚಹಾ ಬ್ಯಾಡ್ರಿ, ಈಗ ಕುಡದ ಬಂದೀವಿ' ಅನ್ನೂದಿಲ್ಲೇನು? ಅಂದ ಮಾತ್ರಕ್ಕ ನಾವು ಚಹಾ ಕೊಡದ ಕಳಸ್ತೀವೇನು?"

ಹೀಗೆ ಅವರು ಯಂತ್ರದ ಯೋಗಕ್ಷೇಮವನ್ನು ವಿಚಾರಿಸಿ, ತಡವಾದದ್ದಕ್ಕೆ ಕ್ಷಮೆ ಕೋರಿ ಪತ್ರ ಬರೆದರು. ಅದು ಹೋದ ದಾರಿಯಲ್ಲೇ ತಿರುಗಿ ಬಂತು. ಹಂಪಯ್ಯನವರು ಪಾಪ, ವಿಳಾಸ ಬದಲಾಗಿರಬೇಕು ಎಂದುಕೊಂಡರು.

ಕೋರ್ಸು ಅರ್ಧ ದಾಟಿದಾಗ ಸಿಂಚನಾ ಲ್ಯಾಪ್‌ಟಾಪನ್ನು ತಂದೆಯ ಮುಂದೆ ತಿರುಗಿಸಿ, ಅವರ ಪ್ರಗತಿ ತೋರಿಸುವ ಹಸಿರು ಪಟ್ಟಿಯನ್ನು ಮುಟ್ಟಿ ತೋರಿಸಿದಳು. ಅದು ಇನ್ನೂ ಚಿಗುರೊಡೆದಿರಲಿಲ್ಲ.

"ಇನ್ನೇನು ನೀವು ಮುಗಿಸಂಗಿಲ್ಲ. ನಾ ಕಾಲ್ ಸೆಂಟರಿಗೆ ಅರ್ಜಿ ಹಾಕ್ಲೇನು?"

ಹಂಪಯ್ಯನವರಿಗೆ ಭೂಮಿ ಬಾಯಿಬಿಟ್ಟಂತಾಯಿತು. ಅವರು ಎದ್ದು ನಿಂತರು. "ಅರ್ಜಿ ಗಿರ್ಜಿ ಏನೂ ಇಲ್ಲ! ನಾಳಿಂದ ನೋಡು ನಿಮ್ಮಪ್ಪನ ಹಟ ಅಂದ್ರ ಏನಂತ!"

ಭವಾನಿಗೂ ಮಗಳ ಚಿಂತೆಯೇ. ಅವರೇ ದಾರಿ ತೋರಿಸಿದರು. "ಎಲ್ಲಾರಿಗೂ ಒಪ್ಪುವಂಥದ್ದು ಒಂದು ಉತ್ತರ ಬರದು ಇಟಗೋರಿ. ಯಾರು ಏನ ಬರೀಲಿ, ಅದನ್ನ ಅಂಟಿಸಿ ಪಾಠಕ್ಕ ಹೋಗ್ರಿ. ಅತ್ತಿಯವರ ಮಾತೂ ಉಳೀತೈತಿ, ಕೋರ್ಸೂ ಉಳೀತೈತಿ."

ಹಂಪಯ್ಯನವರು ಹೆಂಡತಿಯ ಬುದ್ಧಿಗೆ ತಲೆದೂಗಿದರು. ಉತ್ತರ ಸಿದ್ಧವಾಯಿತು: 'ನಮಸ್ಕಾರ. ತಮ್ಮ ಮಾತು ಓದಿ ಬಹಳ ಸಂತೋಷವಾಯಿತು. ಖಂಡಿತ ಬನ್ನಿ. ಮನೆ ನಿಮ್ಮದೇ ಎಂದು ತಿಳಿಯಿರಿ. ಊಟ ಮಾಡದೆ ಹೋಗುವಂತಿಲ್ಲ.' ಇನ್ನು ಓದುವ ಗೋಜೇ ಇಲ್ಲ. ಯಾರಾದರೂ ಬರೆದರೆ ಅಂಟಿಸು, ಮುಂದೆ ನಡೆ!

ಆಮೇಲೆ ಅವರು ಓದಿದ ಓದಿದೆಯಲ್ಲ, ಅದನ್ನು ಮೆಚ್ಚಲೇಬೇಕು. ಹಿಂದೆ ಬಿದ್ದ ಪಾಠಗಳನ್ನು ಇಮ್ಮಡಿ ವೇಗದಲ್ಲಿ ಓಡಿಸಿದರು. ಗಂಭೀರ ಪ್ರೊಫೆಸರು ಬೇಗಂ ಬಜಾರಿನ ಹರಾಜು ಕೂಗುವವನ ಹಾಗೆ ಬಡಬಡಿಸಿದರೂ ಹಂಪಯ್ಯನವರು ಬಿಡಲಿಲ್ಲ. ಭವಾನಿ ತಟ್ಟಿದ ರೊಟ್ಟಿಗಳ ಅಗಲವನ್ನು ಸ್ಕೇಲು ಹಿಡಿದು ಅಳೆದು, "ನಿನ್ನ ರೊಟ್ಟ್ಯಾಗ ಏರುಪೇರು ಭಾಳ ಐತಿ" ಎಂದು ವರದಿ ಕೊಟ್ಟರು. ಮರುದಿನ ಎಲ್ಲ ರೊಟ್ಟಿಗಳೂ ಒಂದೇ ಅಳತೆಗೆ ಬಂದವು, ಅಂಗೈಯಗಲ!

ಸಹಪಾಠಿಗಳ ಉತ್ತರಪತ್ರಿಕೆ ತಿದ್ದುವ ವಾರವೂ ಬಂತು. ಲಕ್ಷ ಜನರ ಪತ್ರಿಕೆಯನ್ನು ಪ್ರೊಫೆಸರು ಒಬ್ಬರೇ ತಿದ್ದಲಾದೀತೇ? ಆದ್ದರಿಂದ ವಿದ್ಯಾರ್ಥಿಗಳೇ ಒಬ್ಬರದನ್ನೊಬ್ಬರು ತಿದ್ದಬೇಕಂತೆ. ಹಂಪಯ್ಯನವರಿಗೆ ಬಂದ ಪತ್ರಿಕೆಯಲ್ಲಿ ಒಂದು ಉತ್ತರವೂ ಸರಿಯಿರಲಿಲ್ಲ. ಅವರು ಪೂರ್ತಿ ಅಂಕ ಕೊಟ್ಟರು!

"ಅಪ್ಪಾ! ಎಲ್ಲಾ ತಪ್ಪೈತಿ!"

"ಪಂಕ್ತ್ಯಾಗ ಕುಂತವರಿಗೆ ಅರ್ಧ ಹೋಳಿಗಿ ಬಡಿಸಾಕ ಬರತೈತೇನವ್ವಾ?"

ಅಂತೂ ಹಸಿರು ಪಟ್ಟಿ ಬೆಳೆಯಿತು, ತುದಿ ಮುಟ್ಟುವ ಹಂತಕ್ಕೆ ಬಂತು. ಉಳಿದದ್ದು ಕೊನೆಯ ಪರೀಕ್ಷೆ ಮಾತ್ರ. ಭಾನುವಾರ ಸಂಜೆ ಆರರೊಳಗೆ ಯಾವಾಗ ಬೇಕಾದರೂ ಕುಳಿತು ಬರೆಯಬಹುದು. ಪಾಸಾದರೆ ಕೋರ್ಸು ಮುಗಿದಂತೆ, ಮಗಳು ಫಾರ್ಮು ತುಂಬಿದಂತೆ! ಹಂಪಯ್ಯನವರು ಅವತ್ತು ಬೆಳಿಗ್ಗೆ ಮತ್ತೆ ವಿಭೂತಿ ಹಚ್ಚಿದರು. ಮೊಬೈಲು ಬಂದ್! ಟಿ.ವಿ. ಬಂದ್! "ಇವತ್ತ ಯಾರ ಬಂದ್ರೂ ನಾ ಮನ್ಯಾಗಿಲ್ಲ!" ಎಂದು ಅಪ್ಪಣೆಯಾಯಿತು. 'ಪರೀಕ್ಷೆ ಆರಂಭಿಸಿ' ಎಂಬ ಗುಂಡಿಯ ಮೇಲೆ ಬೆರಳು ಇಟ್ಟರು.

ಟಿಣ್ ಟೊಣ್! ಬಾಗಿಲ ಗಂಟೆ!

ಭವಾನಿ ಬಾಗಿಲು ತೆರೆದರು. ಚೀಲ ತೂಗುಹಾಕಿಕೊಂಡ ಒಬ್ಬ ಯುವಕ ನಗುತ್ತಾ ನಿಂತಿದ್ದ. ಅವನ ಹಿಂದೆ ಇಬ್ಬರು, ಅವರ ಹಿಂದೆ ನಾಲ್ವರು, ಮೆಟ್ಟಿಲ ತುಂಬ ಜನ.

"ನಮಸ್ಕಾರ ಅಮ್ಮ. ಹಂಪಯ್ಯ ಸರ್ ಮನೆ ಇದೇ ಅಲ್ವಾ? ನಾನು ಋಷಭ್ ಅಂತ, ಊರು ಉಡುಪಿ, ಇಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ನಾವೆಲ್ಲ ಸರ್ ಜೊತೆ ಸ್ಟ್ಯಾಟಿಸ್ಟಿಕ್ಸ್ ಕೋರ್ಸಿನವರು. ನಾವು ಬಂದದ್ದು ಬೇಗ ಆಯ್ತಾ?"

"ಅವರು ಮನ್ಯಾಗ…" ಎಂದು ಭವಾನಿ ಅಪ್ಪಣೆಯಂತೆ ಶುರುಮಾಡುವಷ್ಟರಲ್ಲಿ, "ಯಾರು ಬಂದಾರ? ಬರ್ರಿ, ಬರ್ರಿ! ಒಳಗ ಬರ್ರಿ!" ಎಂದು ಕೂಗುತ್ತಾ ಮನೆಯಲ್ಲಿಲ್ಲದ ಹಂಪಯ್ಯನವರು ಬಾಗಿಲಿಗೆ ಓಡಿಬಂದರು.

ವಿಷಯ ಬಯಲಾಯಿತು. ಋಷಭ್ ವೇದಿಕೆಯಲ್ಲಿ ಕೇಳಿದ್ದನಂತೆ: 'ಸರ್, ಪರೀಕ್ಷೆಯ ದಿನ ಹೈದರಾಬಾದಿನವರೆಲ್ಲ ಒಂದು ಕಡೆ ಸೇರಿ ಓದಿ, ಆಮೇಲೆ ಅವರವರ ಪರೀಕ್ಷೆ ಬರೆಯೋಣ ಅಂತ ಇದ್ದೇವೆ. ನಿಮ್ಮ ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ ಅಲ್ವಾ? ಅಲ್ಲಿಗೇ ಬರಬಹುದಾ?' ಹಂಪಯ್ಯನವರು ಓದದೆಯೇ ಅಂಟಿಸಿದ್ದರು: ಖಂಡಿತ ಬನ್ನಿ. ಮನೆ ನಿಮ್ಮದೇ ಎಂದು ತಿಳಿಯಿರಿ. ಊಟ ಮಾಡದೆ ಹೋಗುವಂತಿಲ್ಲ!

"ನೀವು ಇಷ್ಟು ಪ್ರೀತಿಯಿಂದ ಕರ್ದದ್ದು ನೋಡಿ, ಬರುವುದಿಲ್ಲ ಅಂದವರೂ ಬಂದ್ರು ಸರ್" ಎಂದು ಋಷಭ್ ವಿನಯದಿಂದ ಹೇಳಿದ.

ಭವಾನಿ ಗಂಡನನ್ನು ಅಡುಗೆಮನೆಗೆ ಎಳೆದರು. "ಏನ್ರೀ ಇದು? ಇಷ್ಟು ಮಂದಿಗೆ ಊಟ?"

"ಉತ್ತರ ಬರದು ಇಟಗೋರಿ ಅಂತ ನೀನ ಹೇಳಿದ್ದಿ!"

"ಉತ್ತರ ಬರೀರಿ ಅಂದಿದ್ದೆ. ಲಗ್ನಪತ್ರಿಕಿ ಬರೀರಿ ಅಂದಿದ್ನೇನು?"

ಗಂಟೆ ಬಾರಿಸುವುದು ನಿಲ್ಲಲಿಲ್ಲ. ಸಿಕಂದರಾಬಾದಿನಿಂದ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಬ್ಯಾಂಕಿನವರು ಬಂದರು. ಅಬಿಡ್ಸ್‌ನಲ್ಲಿ ಪುಸ್ತಕದ ಅಂಗಡಿ ಇಟ್ಟವರು ಗಂಡಹೆಂಡತಿ ಬಂದರು. ಕಾಲೇಜಿನ ಹುಡುಗಿಯರು ಬಂದರು. ಚಪ್ಪಲಿಗಳು ಮೆಟ್ಟಿಲಿಳಿದು ಕೆಳಗಿನ ಮನೆಯವರ ಹೊಸ್ತಿಲು ಮುಟ್ಟಿದವು. ವಾಚ್‌ಮನ್ ಮೇಲೆ ಬಂದು ಇಣುಕಿ, "ಕ್ಯಾ ಸಾಬ್, ಬಿಟಿಯಾ ಕಾ ರಿಷ್ತಾ ಪಕ್ಕಾ ಹುವಾ ಕ್ಯಾ?" ಎಂದು, ಮಗಳ ಮದುವೆಯೇ ಗೊತ್ತಾಯಿತೆಂದು ತಿಳಿದು ಅಭಿನಂದಿಸಿ ಹೋದ. ಸೂಗಮ್ಮನಿಗಂತೂ ಹಬ್ಬ! ಒಬ್ಬೊಬ್ಬರ ಗಲ್ಲ ಮುಟ್ಟಿ, "ನೀ ಬ್ರೆಜಿಲ್ಲಿನಕಿ ಏನವ್ವಾ?" ಎಂದು ಕೇಳುತ್ತಾ ಕುಳಿತರು.

ಪಕ್ಕದ ಮನೆಯಿಂದ ದೊಡ್ಡ ಪಾತೇಲಿ ಬಂತು, ಖಿಚಡಿ ಏರಿತು. ಹಂಪಯ್ಯನವರ ಮನಸ್ಸಿನ ತುಂಬ ಒಂದೇ ಜಪ: 'ಆರರೊಳಗ ಬರೀಬೇಕು. ಬರದ ಬರೀತೀನಿ!' ಆದರೆ ಕೈಯಲ್ಲಿ ಚಹಾದ ತಟ್ಟೆ. ಕುರ್ಚಿಗೆ ಬೆನ್ನು ತಾಗಿಸಿದರೆ ಯಾರಿಗೋ ಸಕ್ಕರೆ ಕಡಿಮೆ. ಗುಂಡಿಯ ಮೇಲೆ ಬೆರಳಿಟ್ಟರೆ ಯಾರಿಗೋ ನೀರು ಬೇಕು.

"ಸರ್, ನೀವೂ ಕೂತ್ಕೊಳ್ಳಿ ಮಾರಾಯ್ರೆ" ಎಂದ ಋಷಭ್.

"ಮನಿಗೆ ಬಂದವರನ್ನ ಬಿಟ್ಟು ನಾ ಕುಂದರೂದು ಹೆಂಗಪ್ಪಾ? ನೀವು ಓದ್ರಿ. ನನಗ ಇನ್ನೂ ಭಾಳ ಹೊತ್ತೈತಿ."

ಹಾಲ್‌ನಲ್ಲಿ ಓದು ಶುರುವಾಗಿತ್ತು, ಆದರೆ ಸಾಗುತ್ತಿರಲಿಲ್ಲ. ಸರಾಸರಿಗೂ ಮೀಡಿಯನ್‌ಗೂ ಏನು ವ್ಯತ್ಯಾಸ, ಯಾವಾಗ ಯಾವುದನ್ನು ನಂಬಬೇಕು ಎಂಬಲ್ಲಿ ಎಲ್ಲರೂ ಸಿಕ್ಕಿಬಿದ್ದಿದ್ದರು. ವಿಡಿಯೋ ಎಷ್ಟು ಸಲ ನೋಡಿದರೂ ಪ್ರೊಫೆಸರು ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಾರೆ. ತಿಳಿಯಲಿಲ್ಲ ಎಂದರೆ ಅವರಿಗೆ ಕೇಳಿಸಬೇಕಲ್ಲ! ಋಷಭ್ ವಿವರಿಸಲು ಹೊರಟು ಎರಡನ್ನೂ ಅದಲುಬದಲು ಮಾಡಿದ. ಬ್ಯಾಂಕಿನವರು ತಿದ್ದಲು ಹೋಗಿ ಮೂರನೆಯದೊಂದನ್ನು ಸೇರಿಸಿದರು.

ದಿವಾನದ ಮೂಲೆಯಲ್ಲಿ ಮೊಬೈಲು ಹಿಡಿದು ಮುದುಡಿ ಕುಳಿತಿದ್ದ ಸಿಂಚನಾಳಿಗೆ ಸಹಿಸಲಾಗಲಿಲ್ಲ. "ಅಯ್ಯ, ಅದು ಹಂಗಲ್ಲರಿ!" ಎಂದು ಎದ್ದೇ ಬಿಟ್ಟಳು.

ಹತ್ತಾರು ಮುಖಗಳು ಅವಳತ್ತ ತಿರುಗಿದವು. ಅವಳು ಮೊಬೈಲನ್ನು ದಿವಾನದ ಮೇಲೆ ಎಸೆದಳು. ಆಮೇಲೆ, "ಎಲ್ಲಾರೂ ಎದ್ದು ನಿಂದರ್ರಿ. ಎತ್ತರದ ಪ್ರಕಾರ ಸಾಲಾಗಿ!" ಎಂದು ತೆಲುಗು, ಹಿಂದಿ, ಕನ್ನಡ ಮೂರನ್ನೂ ಕಲಸಿ ಅಪ್ಪಣೆ ಕೊಟ್ಟಳು. ಸಾಲು ನಿಂತಿತು. ಈ ತುದಿಗೆ ಎಲ್ಲರಿಗಿಂತ ಗಿಡ್ಡ ಸೂಗಮ್ಮ, ಆ ತುದಿಗೆ ಬ್ಯಾಂಕಿನವರು, ನಟ್ಟನಡುವೆ ಋಷಭ್.

"ನಡುವ ನಿಂತಾರಲ್ಲ, ಇವರ ಎತ್ತರನ ಮೀಡಿಯನ್. ಎಲ್ಲಾರ ಎತ್ತರ ಕೂಡಿಸಿ ಮಂದಿ ಲೆಕ್ಕದಾಗ ಭಾಗ ಮಾಡಿದ್ರ ಸರಾಸರಿ. ಆತು? ಈಗ ಬ್ಯಾಂಕ್ ಅಂಕಲ್, ನೀವು ಆ ಸ್ಟೂಲಿನ ಮ್ಯಾಲ ಹತ್ತ್ರಿ!"

ಭವಾನಿ ಓಡಿಹೋಗಿ ಫ್ಯಾನು ಬಂದ್ ಮಾಡಿದರು. ಬ್ಯಾಂಕಿನವರು ಹತ್ತಿದರು. ತಲೆ ಛಾವಣಿಗೆ ತಾಗಿ ಕತ್ತು ಓರೆಯಾಯಿತು.

"ಇವರು ಒಬ್ಬರ ಏರಿದ್ದಕ್ಕ ನಮ್ಮೆಲ್ಲಾರ ಸರಾಸರಿ ಏರ್ತು. ನಮ್ಮಜ್ಜಿ ಏನರ ಬೆಳದಾಳೇನು? ಆದ್ರ ನಡುವಿನವರು ನೋಡ್ರಿ, ಇದ್ದಲ್ಲೇ ಅದಾರ! ಒಬ್ಬರ ಭಾಳ ಎತ್ತರಕ್ಕ ಹೋದಾಗ ಸರಾಸರಿ ಮೋಸ ಮಾಡತೈತಿ, ಮೀಡಿಯನ್ ಮಾಡಂಗಿಲ್ಲ."

"ಓ…!" ಎಂದು ಇಡೀ ಹಾಲ್ ಒಮ್ಮೆಲೇ ಉದ್ಗರಿಸಿತು. ಎಲ್ಲಕ್ಕಿಂತ ದೊಡ್ಡ "ಓ" ಬಂದದ್ದು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಹಂಪಯ್ಯನವರಿಂದ. ಈ ಪಾಠದಲ್ಲಿ ಅವರು ಗಳಿಸಿದ್ದ ಅಂಕಗಳೆಲ್ಲ ಬಾಯಿಪಾಠದವು. ಇವತ್ತು ತಿಳಿಯಿತು!

"ಅವ್ವಾ, ಇದನ್ನ ನೀ ಎಲ್ಲಿ ಕಲತಿ?"

"ನೀವು ದಿನಾ ವಿಡಿಯೋ ಜೋರಾಗಿ ಹಚ್ಚಿ ನಮಸ್ಕಾರ ಬರ್ಕೋತ ಕುಂದರ್ತಿದ್ರಿ. ಪಾಪ, ಆ ಮೇಷ್ಟ್ರು ಅಷ್ಟು ಬಡಕೋತಿದ್ರು. ಯಾರರ ಒಬ್ಬರು ಕೇಳಬೇಕಲ್ಲ ಅಂತ ನಾ ಕೇಳಿದೆ" ಎಂದಳು ಸಿಂಚನಾ.

ಆಮೇಲೆ ಅವಳನ್ನು ಯಾರೂ ಕೂರಲು ಬಿಡಲಿಲ್ಲ. ಇದೊಂದು ಹೇಳಮ್ಮ, ಅದೊಂದು ಹೇಳಮ್ಮ! ಖಿಚಡಿಯ ತಟ್ಟೆ ಕೈಯಲ್ಲಿ ಹಿಡಿದೇ ಅವಳು ಪಾಠ ಹೇಳಿದಳು. ಊಟವಾದ ಮೇಲೆ ಎಲ್ಲರೂ ಹಾಲ್, ಮಲಗುವ ಕೋಣೆ, ಬಾಲ್ಕನಿ ಎಂದು ಚದುರಿ, ತಮ್ಮ ತಮ್ಮ ಮೊಬೈಲು ಹಿಡಿದು ಬೇರೆ ಬೇರೆಯಾಗಿ ಪರೀಕ್ಷೆಗೆ ಕುಳಿತರು. ಮನೆ ಗಪ್‌ಚಿಪ್. ಹಂಪಯ್ಯನವರು ತುದಿಗಾಲಿನಲ್ಲಿ ನಡೆಯುತ್ತಾ ಎಲ್ಲರಿಗೂ ನೀರು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಬಾಲ್ಕನಿಯಿಂದ "ಪಾಸ್!" ಎಂಬ ಕೂಗು ಬಂತು. ಹಾಲ್‌ನಿಂದ ಇನ್ನೊಂದು. ಕೊನೆಗೆ ಎಲ್ಲರೂ ಪಾಸು!

ಆರಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು. ಅತಿಥಿಗಳು ಹೊರಡಲು ಎದ್ದರು. ಹಂಪಯ್ಯನವರ ಮೈಯಲ್ಲಿ ಮಿಂಚು ಹರಿಯಿತು. ಇವರನ್ನು ಕಳಿಸಿ ಕುಳಿತರೆ ಗೆದ್ದೆ!

ಆದರೆ ನಮ್ಮ ಕಡೆಯವರು ಅತಿಥಿಗಳನ್ನು ಕಳಿಸುವುದೆಂದರೆ ಬಾಗಿಲು ಹಾಕಿಕೊಳ್ಳುವ ಕೆಲಸವೇ? "ಬರ್ತೀವಿ" ಎಂದು ಹಾಲ್‌ನಲ್ಲಿ ಒಮ್ಮೆ. ಬಾಗಿಲಲ್ಲಿ ನಿಂತು, "ಮತ್ತ ಬರ್ರಿ, ಮನಿಮಂದೀನ ಕರಕೊಂಡು ಬರ್ರಿ" ಎಂದು ಇನ್ನೊಮ್ಮೆ. ಮೆಟ್ಟಿಲ ಮೇಲೆ ಊರು, ಕೇರಿ, ಮಕ್ಕಳ ವಿಚಾರ. ಗೇಟಿನಲ್ಲಿ ನಿಂತಾಗ ಅಸಲಿ ಮಾತು ಶುರು! ಸೂಗಮ್ಮ ಮೇಲಿನಿಂದ, "ಹಂಪಣ್ಣಾ, ಹಂಗ ಕಳಸಬ್ಯಾಡ, ಬಸ್ಸು ಹತ್ತಿಸಿ ಬಾ!" ಎಂದು ಕೂಗಿದರು. ಬ್ಯಾಂಕಿನವರನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು, ಬಸ್ಸು ಕಣ್ಮರೆಯಾಗುವವರೆಗೆ ಕೈಬೀಸಿ ಹಂಪಯ್ಯನವರು ಗಡಿಯಾರ ನೋಡಿಕೊಂಡರು.

ಆರು ಹೊಡೆಯಲು ಬಂದಿತ್ತು!

ಓಡಿದರು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು! ಔಷಧದ ಅಂಗಡಿಯವನು ನಮಸ್ಕಾರ ಹೇಳಿದ. ಜನ್ಮದಲ್ಲೇ ಮೊದಲ ಸಲ ಹಂಪಯ್ಯನವರು ಮರು ನಮಸ್ಕಾರ ಹೇಳದೆ ಓಡಿದರು! ಮೆಟ್ಟಿಲು ಹಾರಿ, ಕುರ್ಚಿಗೆ ಬಿದ್ದು, ಗುಂಡಿ ಒತ್ತಿದರು.

'ಪರೀಕ್ಷೆಯ ಅವಧಿ ಮುಗಿದಿದೆ. ನಮ್ಮೊಂದಿಗೆ ಕಲಿತದ್ದಕ್ಕೆ ಧನ್ಯವಾದಗಳು.'

ಹಂಪಯ್ಯನವರು ತೆರೆಯನ್ನು ನೋಡುತ್ತಾ ಕುಳಿತರು. ಬಂದವರೆಲ್ಲ ಪಾಸು, ಮನೆಯ ಯಜಮಾನ ಮಾತ್ರ ಹೊರಗೆ. ಕಣ್ಣು ತುಂಬಿ ಬಂತು. ಕೋರ್ಸು ಹೋದದ್ದಕ್ಕಲ್ಲ. ಅಷ್ಟು ಚೆಂದ ಪಾಠ ಹೇಳಿದ ಮಗಳು ತಮ್ಮಿಂದಾಗಿ ಪುಸ್ತಕ ಮುಚ್ಚುತ್ತಾಳಲ್ಲ ಎಂದು ಸಂಕಟವಾಯಿತು.

"ನಾ ಸೋತೆನವ್ವಾ" ಎಂದರು, ತಲೆ ಎತ್ತದೆ. "ಹಟ ಹಿಡಿದೆ, ಆದ್ರ ಆಗಲಿಲ್ಲ. ಕರಾರು ಕರಾರು. ನೀ ಬಿಡೋದಾದ್ರ ಬಿಡು. ನಾ ತುಟಿ ಬಿಚ್ಚಂಗಿಲ್ಲ."

ಸಿಂಚನಾ ದಿವಾನದ ಕೆಳಗಿನಿಂದ ಪುಸ್ತಕಗಳನ್ನು ಎಳೆದು ಧೂಳು ಕೊಡವುತ್ತಿದ್ದಳು.

"ನೀವು ಬಸ್ಸು ಹತ್ತಸಾಕ ಹೋದಾಗ ಫಾರ್ಮ್ ತುಂಬಿದೆ ಅಪ್ಪಾ. ಅಷ್ಟು ಮಂದೀನ ಪಾಸ್ ಮಾಡಿಸಿದಕಿ ನಾ ಒಬ್ಬಾಕಿ ಯಾಕ ಬಿಡ್ಲಿ?"

ಹಂಪಯ್ಯನವರು ಕುರ್ಚಿಯಿಂದ ಹಾರಿ ಎದ್ದರು! "ಶಾಬಾಸ್ ಮಗಳ! ಇವತ್ತ ಹೇಳಾಕತ್ತೀನಿ, ಕಿವಿಗೊಟ್ಟು ಕೇಳು! ಪರೀಕ್ಷಾದ ದಿನ ಏನ ಆಗ್ಲಿ, ರಜಾ ಹಾಕಿ ನಾನ ನಿನ್ನ ಕರಕೊಂಡು ಹೋಗಿ, ಗೇಟಿನತನಕಾ ಬಿಟ್ಟು ಬರ್ತೀನಿ!"

"ಬ್ಯಾಡ್ರಿ ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಸಿಂಚನಾ ಕೈಮುಗಿದಳು. "ಗೇಟಿನ್ಯಾಗ ಊರಮಂದಿ ಎಲ್ಲಾ ನಿಂತಿರ್ತಾರ. ನೀವು ಅವರಿಗೆಲ್ಲಾ ನಮಸ್ಕಾರ ಹೇಳಿ ಮುಗಸೂದ್ರಾಗ ನಾನೂ ನಿಮ್ಮಂಗ ನಪಾಸ್ ಆಗ್ತೀನಿ!"